ಪದಚರ್ಚೆ: ಹಲವು ಮದ್ದುಗಳನ್ನು ಜೊತೆಗೂಡಿಸಿ ಕೊಡುವ ಅರಿವಳಿಕೆಗೆ ಏನೆನ್ನೋಣ?

ರಾಯಚೂರಿನಿಂದ, ಸಂಜೆ

ಬಳಗದ ಹಿರಿಯರಿಗೆ ನಮಸ್ಕಾರ.

ಇಲ್ಲಿಯ ಆಸ್ಪತ್ರೆಯೊಂದರ ಒಪ್ಪಿಗೆ ಪತ್ರವನ್ನೂ ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯ ಕಡೆಯವರಿಗೆ ಕೊಡುವ ಎರಡು ಪುಟದ ತಿಳಿವಳಿಕೆ ಹಾಳೆಯನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಅವು ಅಚ್ಚಿಗೆ ಹೋಗಬೇಕಾಗಿರುವುದರಿಂದ ಈ ಅವಸರದ ಪತ್ರ.

‘ಅನಸ್ತೇಶಿಯಾ’ಕ್ಕೆ ‘ಅರಿವಳಿಕೆ’ ನೆಲೆಯಾಗಿದೆ. ತೊಡಕಿರುವುದು ‘ಬ್ಯಾಲೆನ್ಸ್ಡ್ ಅನಸ್ತೇಶಿಯಾ’ ಎಂಬಲ್ಲಿ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಜಾನ್ ಲಂಡಿ 1926ರಲ್ಲಿ ಹುಟ್ಟುಹಾಕಿದ ಈ ಮಾತಿನ ಹುರುಳು ಇಷ್ಟು: ನಿದ್ದೆ, ನೋವಿನ ತಡೆ, ಸ್ನಾಯುಗಳ ಸಡಿಲಿಕೆ ಮೂರನ್ನೂ ಒಂದೇ ಮದ್ದಿನಿಂದ ಪಡೆಯಹೊರಟರೆ ಅದನ್ನು ವಿಪರೀತವಾಗಿ ಕೊಡಬೇಕಾಗುತ್ತದೆ, ಆಗ 1846ರಲ್ಲಿ ಆರಂಭವಾದ, ಈಥರ್ ಎಂಬ ಅರಿವಳಿಕೆ ಮದ್ದಿನ ಕಾಲದಲ್ಲಿ ಆಗುತ್ತಿದ್ದಂತೆ ರೋಗಿ ಏಳುವುದು ತಡವಾಗಿ, ಎದ್ದಮೇಲೂ ವಾಂತಿ ಕಾಡುತ್ತದೆ, ಅದರ ಬದಲು ಒಂದೊಂದು ಕೆಲಸಕ್ಕೆ ಒಂದೊಂದು ಮದ್ದನ್ನು ಅಳತೆಯಲ್ಲಿ ಕೊಟ್ಟರೆ ಯಾವುದರ ಭಾರವೂ ಅತಿಯಾಗದೆ ಎಚ್ಚರವೂ ಚೇತರಿಕೆಯೂ ಹಗುರಾಗುತ್ತವೆ.

ಮೊದಲ ಕರಡಿನಲ್ಲಿ ‘ಮಿಶ್ರ ಅರಿವಳಿಕೆ’ ಎಂದು ಬರೆದಿದ್ದೆ. ವಾರ್ಡಿನಲ್ಲಿ ಮಗನ ಪಕ್ಕ ಕುಳಿತಿದ್ದ ತಾಯಿಯೊಬ್ಬರಿಗೆ ಅದನ್ನು ಓದಿ ಹೇಳಿದಾಗ, ‘ಎಲ್ಲಾ ಒಂದರಾಗ ಕಲಸಿ ಹಾಕ್ತೀರೇನ್ರೀ? ಹಂಗಾದ್ರ ಖಬರು ಬರೂದು ಯಾವಾಗ?’ ಎಂದು ಕೇಳಿದರು (ಖಬರು ಎಂದರೆ ನಮ್ಮ ಕಡೆ ಎಚ್ಚರ, ಪ್ರಜ್ಞೆ). ಆ ಹೆದರಿಕೆಯನ್ನು ಹುಟ್ಟಿಸಿದ್ದು ರೋಗವಲ್ಲ, ನನ್ನ ಪದ. ‘ಬೆರಕೆ’ ಎಂದಿದ್ದರಂತೂ ಕಲಬೆರಕೆಯ ನೆನಪಾಗುತ್ತಿತ್ತು.

ಇನ್ನೊಂದು ಚಿಕ್ಕ ಪ್ರಶ್ನೆ. ‘ರಿಕವರಿ ರೂಮ್’ ಬಾಗಿಲಿಗೆ ಹಿಂದಿನವರು ‘ಎಚ್ಚರಿಕೆ ಕೊಠಡಿ’ ಎಂಬ ಫಲಕ ಹಾಕಿಸಿದ್ದಾರೆ. ರೋಗಿ ಎಚ್ಚರಗೊಳ್ಳುವ ಕೋಣೆ ಎಂಬುದು ಅವರ ಮನಸ್ಸಿನಲ್ಲಿದ್ದಿರಬೇಕು. ಬಂದವರು ಮಾತ್ರ ಒಳಗೆ ಎಕ್ಸರೇ ಯಂತ್ರವೋ ಹೈವೋಲ್ಟೇಜ್ ಕರೆಂಟೋ ಇದೆಯೆಂದು ಮಾರು ದೂರ ನಿಲ್ಲುತ್ತಾರೆ. ಅದಕ್ಕೂ ಒಂದು ಪದ ಬೇಕು.

ಬಳ್ಳಾರಿಯಿಂದ, ರಾತ್ರಿ

ಮಾನ್ಯರೆ, ‘ಅರಿವಳಿಕೆ’ ನೆಲೆಯಾಗಿದೆ ಎಂದು ನೀವು ದಾಟಿಹೋದ ಜಾಗದಲ್ಲೇ ತಪ್ಪಿದೆ. ಹಳಗನ್ನಡದಲ್ಲಿ ತಿಳಿಯುವ ‘ಅಱಿ’ಗೆ ಶಕಟರೇಫ, ಅಂದರೆ ಱ ಅಕ್ಷರ, ನಾಶವಾಗುವ ‘ಅೞಿ’ಗೆ ರಳ, ಅಂದರೆ ೞ ಅಕ್ಷರ. ಅಳಿದದ್ದು ಮರಳುವುದಿಲ್ಲ, ಸತ್ತವರನ್ನು ‘ಅಳಿದರು’ ಎನ್ನುವುದು ಅದಕ್ಕಾಗಿಯೇ. ಶಕಟರೇಫವನ್ನು ಕೈಬಿಟ್ಟ ಇಂದಿನ ಬರಹದಲ್ಲಿ ಸಾಮಾನ್ಯ ರೇಫೆಯ ‘ಅರಿ’, ಅಂದರೆ ಕತ್ತರಿಸು, ಎಂಬುದೂ ಇಣುಕುತ್ತದೆ. ಶಸ್ತ್ರಚಿಕಿತ್ಸೆಯ ಹಾಳೆಗೆ ಇದಕ್ಕಿಂತ ಅಪಶಕುನ ಬೇಕೆ? ಅಡಗಿದ್ದು ಮತ್ತೆ ತೋರಿಕೊಳ್ಳುತ್ತದೆಯಾದ್ದರಿಂದ ‘ಅರಿವಡಗು’ ಎಂಬುದೇ ಸರಿಯೆಂದು ಇಲ್ಲಿ ಹಿಂದೆಯೂ ಬರೆದಿದ್ದೇನೆ, ಯಾರೂ ಕಿವಿಗೊಡಲಿಲ್ಲ. ‘ಮಿಶ್ರ’, ‘ಸಮತೋಲಿತ’ ಎರಡೂ ಸಂಸ್ಕೃತದ ಎಂಜಲು. ‘ಕೂಡರಿವಡಗು’ ಎಂದು ಬರೆಯಿರಿ. ‘ಖಬರು’ ಎಂಬ ಅರಬ್ಬಿ ಪದವನ್ನು ಉದಾಹರಣೆಗೂ ತರಬೇಡಿ.

ಕೊಪ್ಪಳದಿಂದ, ತಡರಾತ್ರಿ

ನಾನು ಅರಿವಳಿಕೆ ಕೊಡುವುದನ್ನೇ ವೃತ್ತಿಯಾಗಿ ಮಾಡಿಕೊಂಡವನು. ‘ಕೂಡರಿವಡಗು’ ಎಂಬುದನ್ನು ಓದಲು ನನಗೇ ಎರಡು ಉಸಿರು ಬೇಕಾದವು.

ನಮ್ಮ ತಟ್ಟೆಯಲ್ಲಿ ಏನಿರುತ್ತದೆ ಎಂದು ಹೇಳಿದರೆ ಪದ ತಾನಾಗಿ ಹೊಳೆಯಬಹುದು. ನಿದ್ದೆ ಬರಿಸುವ, ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಸಿರಿಂಜಿಗೆ ಹಳದಿ ಪಟ್ಟಿ. ನೋವು ತಡೆಯುವ ಫೆಂಟಾನಿಲ್‌ಗೆ ನೀಲಿ. ಸ್ನಾಯು ಸಡಿಲಿಸುವ ವೆಕುರೋನಿಯಮ್‌ಗೆ ಕೆಂಪು. ಪ್ರತಿಯೊಂದೂ ಅದರದೇ ಸಿರಿಂಜಿನಲ್ಲಿ, ಅದರದೇ ಹೊತ್ತಿಗೆ ಹೋಗುತ್ತದೆ. ಆ ತಾಯಿಗೆ ಹೇಳಬೇಕಾದ ಉತ್ತರವೂ ಇದೇ. ಫೆಂಟಾನಿಲ್ ಹೆಚ್ಚಾದರೆ ಉಸಿರಾಟ ನಿಧಾನವಾಗುತ್ತದೆ, ಎದ್ದಮೇಲೆ ವಾಕರಿಕೆ ಬರುತ್ತದೆ. ಅದರ ಪ್ರಮಾಣವನ್ನು ಇಳಿಸಲೆಂದೇ ಕೆಲವರಿಗೆ ಕೀಟಮಿನ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್ ಸ್ವಲ್ಪ ಸೇರಿಸುತ್ತೇವೆ, ಇಲ್ಲವೆ ಆ ಭಾಗದ ನರವನ್ನು ಮರಗಟ್ಟಿಸುತ್ತೇವೆ. ಕೊನೆಯಲ್ಲಿ ಸ್ನಾಯುಗಳ ಬಲವನ್ನು ಮರಳಿಸಲು ನಿಯೋಸ್ಟಿಗ್ಮಿನ್ ಇದೆ. ಆದರೆ ಪ್ರೊಪೊಫಾಲ್ ಮತ್ತು ಫೆಂಟಾನಿಲ್ ಜೊತೆಯಾದಾಗ ಅವು ಉಸಿರನ್ನು ತಗ್ಗಿಸುವುದೂ ಜೊತೆಯಾಗಿಯೇ. ಆದ್ದರಿಂದ ಮದ್ದು ಹೆಚ್ಚಾದಷ್ಟೂ ಕ್ಷೇಮ ಎಂಬ ಧ್ವನಿ ನಿಮ್ಮ ಹಾಳೆಯಲ್ಲಿ ಬರಬಾರದು.

ನಮ್ಮ ಹೊಲಗಳಲ್ಲಿ ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುತ್ತಾರೆ. ಬೀಜಗಳನ್ನು ಕಲಸಿ ಎರಚುವ ಕೆಲಸ ಅದಲ್ಲ. ಸಾಲು ಬೇರೆ, ಹೊಲ ಒಂದೇ. ‘ಅಕ್ಕಡಿ ಅರಿವಳಿಕೆ’ ಎಂದರೆ ನಗಬೇಡಿ, ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಹೇಳುವ ಬೇರೆ ಪದ ನನಗೆ ಸಿಕ್ಕಿಲ್ಲ.

ಅಳಿದದ್ದು ಮರಳದು ಎನ್ನುವವರು ಶಾಲೆಯ ಕರಿಹಲಗೆಯನ್ನು ನೆನೆಯಲಿ. ಖಬರು ಬೇಡವಾದರೆ ದವಾಖಾನೆಯೂ ಬೇಡ, ಆಸ್ಪತ್ರೆಯೂ ಬೇಡ, ಸಂಸ್ಕೃತದ ಸೂಚಿಯಿಂದ ಬಂದ ಸೂಜಿಯೂ ಬೇಡ. ಆಮೇಲೆ ರೋಗಿಯನ್ನು ಎಲ್ಲಿಗೆ ಕರೆದೊಯ್ಯುವುದೆಂದು ಬಳ್ಳಾರಿಯ ಹಿರಿಯರೇ ಹೇಳಬೇಕು.

ಬಳ್ಳಾರಿಯಿಂದ, ಮತ್ತೆ

ಅಕ್ಕಡಿ ಹೊಲದಲ್ಲೇ ಇರಲಿ. ಹಲಗೆಯ ಮೇಲೆ ಅಳಿಸಿದ ಅಕ್ಷರವೂ ಮರಳುವುದಿಲ್ಲ, ಹೊಸದಾಗಿ ಬರೆಯಬೇಕಾಗುತ್ತದೆ. ವೈದ್ಯರು ನನ್ನ ವಾದವನ್ನೇ ಗಟ್ಟಿಮಾಡಿದ್ದಾರೆ. ಫಲಕದ ಮಟ್ಟಿಗೆ ಒಂದು ಮಾತು: ‘ಎಚ್ಚರ’ ಹಳಗನ್ನಡದ ‘ಎೞ್ಚರ್’, ಏಳುವುದು ಅದರೊಳಗೇ ಇದೆ. ಅದನ್ನು ಬಿಟ್ಟು ‘ಚೇತರಿಕೆ’ಯ ಬೆನ್ನುಹತ್ತಬೇಡಿ.

ರಾಯಚೂರಿನಿಂದ, ಮರುದಿನ ಮಧ್ಯಾಹ್ನ

ಇಬ್ಬರಿಗೂ ಋಣಿ. ಫಲಕಕ್ಕೆ ‘ಎಚ್ಚರಗೊಳ್ಳುವ ಕೊಠಡಿ’ ಎಂದು ಬರೆಸಲು ಕೊಟ್ಟಿದ್ದೇನೆ, ಏಕೆಂದರೆ ಆ ಕೋಣೆಯಲ್ಲಿ ನಡೆಯುವುದು ಅಷ್ಟೇ; ಚೇತರಿಕೆ ವಾರ್ಡಿನಲ್ಲಿಯೂ ಮನೆಯಲ್ಲಿಯೂ ದಿನಗಟ್ಟಲೆ ನಡೆಯುವಂಥದ್ದು. ಒಪ್ಪಿಗೆ ಪತ್ರದಲ್ಲಿ ‘ಸಮತೋಲಿತ ಅರಿವಳಿಕೆ’ ಎಂದು ಒಮ್ಮೆ ಮಾತ್ರ ಬಂದಿದೆ. ಕಡತಕ್ಕೆ ಒಂದು ಹೆಸರು ಬೇಕಿತ್ತು, ಎಂಜಲಾದರೂ ಚಿಂತೆಯಿಲ್ಲ. ತಿಳಿವಳಿಕೆ ಹಾಳೆಯಲ್ಲಿ ಹೆಸರನ್ನೇ ಕೈಬಿಟ್ಟು ಹೀಗೆ ಬರೆದಿದ್ದೇನೆ: ‘ನಿದ್ದೆಗೆ, ನೋವಿಗೆ, ಸ್ನಾಯುಗಳ ಸಡಿಲಿಕೆಗೆ ಬೇರೆ ಬೇರೆ ಮದ್ದುಗಳನ್ನು ಒಂದರಲ್ಲೊಂದು ಕಲಸದೆ, ಅಳತೆಯಲ್ಲಿ ಕೊಡುತ್ತೇವೆ. ರೋಗಿಗೆ ಖಬರು ಬಂದ ಮೇಲೆ ನಿಮ್ಮನ್ನು ಒಳಗೆ ಕರೆಯುತ್ತೇವೆ.’

ಅಕ್ಕಡಿಯನ್ನು ಬಿಡಲು ಮನಸ್ಸಿರಲಿಲ್ಲ, ಆದರೆ ಪೇಟೆಯಲ್ಲಿ ಬೆಳೆದ ನರ್ಸುಗಳಿಗೆ ಆ ಪದವನ್ನೇ ವಿವರಿಸಬೇಕಾಯಿತು. ಬೆಳಿಗ್ಗೆ ಅದೇ ತಾಯಿಗೆ ಹೊಸ ಸಾಲುಗಳನ್ನು ಓದಿ ಹೇಳಿದೆ. ಕಲಸುವ ಮಾತನ್ನು ಅವರು ಎತ್ತಲಿಲ್ಲ. ‘ಎದ್ದಮ್ಯಾಲ ನೀರು ಯಾವಾಗ ಕುಡಿಸ್ಬೇಕ್ರೀ?’ ಎಂದು ಕೇಳಿದರು. ವೈದ್ಯರನ್ನು ವಿಚಾರಿಸಿ ಅದಕ್ಕೊಂದು ಸಾಲು ಸೇರಿಸುವಷ್ಟರಲ್ಲಿ ಹತ್ತು ಹೊಡೆದಿತ್ತು.