ಎಸ್‌ಜಿಪಿಟಿ 78, ಜೊತೆಗೆ ಶುಗರ್ ಗಡಿಯಲ್ಲಿ: ಇದನ್ನು ದಾಟಿ ಬಂದವರು ಹೇಳಿ

ಕೇಳಿದವರು: ನನ್ನ ಗಂಡನಿಗೆ 42 ವರ್ಷ, 84 ಕೆಜಿ. ಕುಡಿಯುವ ಅಭ್ಯಾಸ ಇಲ್ಲ. ಆಫೀಸಿನ ಚೆಕಪ್‌ನಲ್ಲಿ ಲಿವರ್ ಎನ್‌ಜೈಮ್‌ಗಳು ಜಾಸ್ತಿ: ಎಸ್‌ಜಿಪಿಟಿ 78, ಎಸ್‌ಜಿಒಟಿ 46, ಜಿಜಿಟಿ 70 ಬಂದಿದೆ. ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು) 240, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 36, ಖಾಲಿ ಹೊಟ್ಟೆಯ ಶುಗರ್ 112, ಪ್ಲೇಟ್‌ಲೆಟ್ 2.4 ಲಕ್ಷ. ಸೊಂಟ 98 ಸೆಂ.ಮೀ. ಬಿಪಿ ಮಾತ್ರೆ ಮೊದಲಿಂದಲೂ ಇದೆ. ಡಾಕ್ಟರು "ಮೆಟಬಾಲಿಕ್ ಸಿಂಡ್ರೋಮ್, ತೂಕ ಇಳಿಸಿ" ಅಂದು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಬರೆದರು. ಲಿವರ್‌ಗೆ ಅಂತ ಏನೂ ಕೊಡಲಿಲ್ಲ. ಹೀಗೇ ಬಿಡೋದಾ? ಲಿವರ್ ಟಾನಿಕ್ ಕುಡಿಸಬಹುದಾ?

ಹಳೇ ಫ್ಯಾಟಿ ಲಿವರ್: ನನ್ನ ರಿಪೋರ್ಟೂ ಹೆಚ್ಚುಕಮ್ಮಿ ಇದೇ ಥರ ಇತ್ತು. ಲಿವರ್‌ಗೆ ಏನೂ ಕೊಡಲಿಲ್ಲ ಅಂದಿರಲ್ಲ, ತೂಕ ಇಳಿಸಿ ಅಂದದ್ದೇ ಲಿವರ್‌ನ ಔಷಧಿ.

ಸೊಂಟ 90 ದಾಟಿದ್ದು, ಟ್ರೈಗ್ಲಿಸರೈಡ್ 150 ದಾಟಿದ್ದು, ಎಚ್‌ಡಿಎಲ್ 40ಕ್ಕಿಂತ ಕೆಳಗೆ, ಶುಗರ್ 100ರ ಮೇಲೆ, ಬಿಪಿ 130/85ರ ಮೇಲೆ ಅಥವಾ ಅದಕ್ಕೆ ಮಾತ್ರೆ. ಈ ಐದರಲ್ಲಿ ಮೂರಿದ್ದರೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುವ ಹೆಸರು ಬೀಳುತ್ತದೆ. ನಿಮ್ಮವರಿಗೆ ಐದಕ್ಕೆ ಐದೂ ಇವೆ. ಇನ್ಸುಲಿನ್ ಸರಿಯಾಗಿ ನಾಟದೆ ಹೋದಾಗ ಹೊಟ್ಟೆಯ ಕೊಬ್ಬು ಕರಗಿ ಬಂದು ಲಿವರ್‌ನಲ್ಲಿ ಕೂರುತ್ತದೆ, ಅದೇ ಫ್ಯಾಟಿ ಲಿವರ್. ಅಲ್ಲಿನ ಕೋಶಗಳು ಘಾಸಿಯಾಗಿ, ಒಳಗಿರಬೇಕಾದ ಎನ್‌ಜೈಮ್ ರಕ್ತಕ್ಕೆ ಸೋರುತ್ತದೆ. ಎಸ್‌ಜಿಪಿಟಿ 78 ಅಂದರೆ ಆ ಸೋರಿಕೆ, ಅಷ್ಟೇ. ಟಾನಿಕ್ ಕುಡಿದರೆ ಕೊಬ್ಬು ಎಲ್ಲಿಗೆ ಹೋಗಬೇಕು ಹೇಳಿ?

ಎಸ್‌ಜಿಒಟಿಗಿಂತ ಎಸ್‌ಜಿಪಿಟಿ ಮೇಲಿರುವುದು ಫ್ಯಾಟಿ ಲಿವರ್‌ನ ಸಾಮಾನ್ಯ ಚಹರೆ. ಕುಡಿತದ ಲಿವರ್‌ನಲ್ಲಿ ಇದು ಉಲ್ಟಾ, ಎಸ್‌ಜಿಒಟಿ ಎಷ್ಟೋ ಸಲ ಎರಡರಷ್ಟಿರುತ್ತದೆ. ಜಿಜಿಟಿ ಏರಿದ್ದು ನೋಡಿ "ಕದ್ದು ಕುಡೀತಾನೆ" ಅಂತ ಯಾರಾದರೂ ಅಂದರೆ ಕಿವಿಗೆ ಹಾಕ್ಕೋಬೇಡಿ. ಅದು ಫ್ಯಾಟಿ ಲಿವರ್‌ನಲ್ಲೂ ಏರುತ್ತದೆ, ಕೆಲವು ಮಾತ್ರೆಗಳಿಂದಲೂ ಏರುತ್ತದೆ. (ನಮ್ಮ ಮನೆಯಲ್ಲಿ ಇದೇ ರಾದ್ಧಾಂತ ಆಗಿತ್ತು.)

ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಫಿಬ್-4 ಅನ್ನುವ ಲೆಕ್ಕ, ಲಿವರ್‌ನಲ್ಲಿ ಕಲೆ ಕಟ್ಟಿ ಅದು ಗಟ್ಟಿಯಾಗಿದೆಯಾ ಅಂತ ಅಂದಾಜು ಮಾಡೋದು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ: 42 × 46 = 1932. ಎಸ್‌ಜಿಪಿಟಿಯ ವರ್ಗಮೂಲವನ್ನು ಪ್ಲೇಟ್‌ಲೆಟ್‌ನಿಂದ ಗುಣಿಸಿ. 2.4 ಲಕ್ಷವನ್ನು 240 ಅಂತ ಹಿಡಿಯಬೇಕು: 8.83 × 240, ಸುಮಾರು 2120. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.91. ಇದು 1.3ಕ್ಕಿಂತ ಕಡಿಮೆ ಇದ್ದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ತಡಮಾಡದೆ ಲಿವರ್ ತಜ್ಞರ ಹತ್ತಿರ ಹೋಗಬೇಕು. ಅಂದರೆ ನಿಮಗೆ ಟೈಮ್ ಇದೆ. ಈ ಲೆಕ್ಕ ಡಾಕ್ಟರ ಮುಂದಿಟ್ಟು ಕೇಳಿ, ಹೆಪಟೈಟಿಸ್ ಬಿ, ಸಿ ಟೆಸ್ಟ್ ಆಗಿದೆಯಾ ಅಂತಲೂ ಕೇಳಿ.

ತೂಕದಲ್ಲಿ ನೂರಕ್ಕೆ 5ರಷ್ಟು ಇಳಿದರೆ ಲಿವರ್ ಕೊಬ್ಬು ಇಳಿಯಲು ಶುರು. 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. ನಿಮ್ಮವರ ಲೆಕ್ಕದಲ್ಲಿ 6ರಿಂದ 8 ಕೆಜಿ. ನಾನು ಸಿಹಿ ಪಾನೀಯ, ಜ್ಯೂಸ್ ಎರಡನ್ನೂ ಬಿಟ್ಟೆ, ರಾತ್ರಿ ಊಟದ ಮೇಲೆ ನಡೆದೆ. ಮೊದಲು ಇಳಿದದ್ದು ಟ್ರೈಗ್ಲಿಸರೈಡ್, ಆಮೇಲೆ ಬೆಲ್ಟಿನ ತೂತು, ಎಸ್‌ಜಿಪಿಟಿ ಕೊನೆಗೆ. ಉಪವಾಸ ಮಾಡಿ ದಬದಬ ಅಂತ ಇಳಿಸಲು ಹೋಗಬೇಡಿ, ಲಿವರ್‌ಗೆ ಅದೂ ಒಳ್ಳೆಯದಲ್ಲ.

ಜಿಮ್ ಭೂತ: ನನ್ನದು ತಮಾಷೆ ಕೇಸು. ಎಸ್‌ಜಿಒಟಿ ಮೂರಂಕಿಗೆ ಹೋಗಿತ್ತು. ಟೆಸ್ಟಿನ ಹಿಂದಿನ ದಿನ ಭಾರ ಎತ್ತಿದ್ದೆ. ಎಸ್‌ಜಿಒಟಿ ಮಾಂಸಖಂಡದಲ್ಲೂ ಇರುತ್ತದೆ. ಡಾಕ್ಟರು ಸಿಕೆ (ಮಾಂಸಖಂಡದ ಎನ್‌ಜೈಮ್) ಟೆಸ್ಟ್ ಮಾಡಿಸಿದರು, ಅದೂ ಆಕಾಶಕ್ಕೇರಿತ್ತು. ಒಂದು ವಾರ ಜಿಮ್ ಬಿಟ್ಟು ಮತ್ತೆ ನೋಡಿದಾಗ ಎರಡೂ ಇಳಿದಿದ್ದವು.

ಲ್ಯಾಬ್ ಕಡೆಯವಳು: ರಕ್ತ ತೆಗೆಯುವಾಗ ಕೆಂಪು ಕಣ ಒಡೆದರೂ ಎಸ್‌ಜಿಒಟಿ ಸುಳ್ಳು ಸುಳ್ಳೇ ಏರುತ್ತದೆ. ಟ್ಯೂಬಿನ ಮೇಲಿನ ನೀರು ಹಳದಿ ಇರಬೇಕಾದ್ದು ಗುಲಾಬಿ ಆಗಿಬಿಡುತ್ತದೆ. ಮುಂದಿನ ಸಲವೂ ಅದೇ ಲ್ಯಾಬಿಗೆ ಹೋಗಿ, ಆಗ ಹೋಲಿಸೋಕೆ ಸುಲಭ. ರಿಪೋರ್ಟಿನಲ್ಲಿ ಎಸ್‌ಜಿಪಿಟಿಗೆ 50, 55ರ ತನಕ ನಾರ್ಮಲ್ ಅಂತ ಅಚ್ಚಾಗಿರುವುದುಂಟು. ಅಮೆರಿಕದ ಜೀರ್ಣಾಂಗ ತಜ್ಞರ ಸಂಘದ 2017ರ ಮಾರ್ಗಸೂಚಿ ಗಂಡಸರಿಗೆ 33, ಹೆಂಗಸರಿಗೆ 25 ಮೇಲ್ಮಿತಿ ಅನ್ನುತ್ತದೆ.

ಅಮ್ಮನ ಮಗಳು: ನಾರ್ಮಲ್ ಬಂದರೂ ನೆಮ್ಮದಿಯಿಂದ ಕೂರುವ ಹಾಗಿಲ್ಲ ರೀ. ನನ್ನಮ್ಮನಿಗೆ ಶುಗರ್ ಹಳೆಯದು, ಎಸ್‌ಜಿಪಿಟಿ ಯಾವತ್ತೂ ಕೆಂಪಕ್ಷರದಲ್ಲಿ ಬಂದಿರಲಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಫ್ಯಾಟಿ ಲಿವರ್ ಕಂಡಿತು. ಲಿವರ್ ಎಷ್ಟು ಗಟ್ಟಿ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿದರೆ ಲಿವರ್ ಆಗಲೇ ಗಟ್ಟಿಯಾಗುತ್ತಾ ಬಂದಿತ್ತು. ಈಗ ನಾವು ಸೊಂಟದ ಅಳತೆ, ಶುಗರ್, ಪ್ಲೇಟ್‌ಲೆಟ್ ಮೂರನ್ನೂ ಒಂದೇ ಪುಸ್ತಕದಲ್ಲಿ ಬರೆದಿಡುತ್ತೇವೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸ್ಟಾಟಿನ್ ಲಿವರ್ ಹಾಳು ಮಾಡುತ್ತದಂತೆ, ನಿಲ್ಲಿಸೋಣ ಅಂತಿದ್ದಾರೆ ಇವರು.

ಹಳೇ ಫ್ಯಾಟಿ ಲಿವರ್: ಬೇಡ, ನೀವಾಗೇ ನಿಲ್ಲಿಸಬೇಡಿ. ಫ್ಯಾಟಿ ಲಿವರ್ ಇದ್ದವರಿಗೂ ಕೊಡುತ್ತಾರೆ. ಈ ಸಿಂಡ್ರೋಮ್‌ನಲ್ಲಿ ಲಿವರ್‌ಗಿಂತ ಹೃದಯದ ಭಯ ಜಾಸ್ತಿ, ಅಲ್ವಾ? ಎನ್‌ಜೈಮ್ ಮೇಲ್ಮಿತಿಯ ಮೂರು ಪಟ್ಟು ದಾಟಿದರೆ ಡಾಕ್ಟರು ಮರುಯೋಚನೆ ಮಾಡುತ್ತಾರೆ, ನಿಮ್ಮವರದು ಅಲ್ಲಿಗೆ ಇನ್ನೂ ದೂರ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಮಾತ್ರ ಅವತ್ತೇ ಓಡಿ. ಟಾನಿಕ್, ಬೇರು-ನಾರಿನ ಪುಡಿ ಏನಾದರೂ ಈಗಾಗಲೇ ಕುಡಿಯುತ್ತಿದ್ದರೆ ಡಾಕ್ಟರಿಗೆ ಬಾಟಲಿ ಸಮೇತ ತೋರಿಸಿ. ಎಸ್‌ಜಿಪಿಟಿ ಏರಿಸುವವು ಅದರಲ್ಲೂ ಇವೆ.