ವೈದ್ಯರನ್ನು ಕೇಳಿ: ಒಮಾನ್ ಬೆಟ್ಟಗಳ ಜೀಪು ಪ್ರವಾಸಕ್ಕೆ ಹೊರಟ ನಿವೃತ್ತರ ಪ್ರಶ್ನೋತ್ತರ

ನಿರ್ವಾಹಕರು, ಅಂಬಲಪಾಡಿ: ನವೆಂಬರ್ ಮೊದಲ ವಾರದಲ್ಲಿ ನಮ್ಮ ನಿವೃತ್ತರ ಬಳಗದ ಹನ್ನೆರಡು ಮಂದಿ ಮಸ್ಕತ್‌ಗೆ ಹೋಗಿ, ಮೂರು ಫೋರ್ ವೀಲ್ ಡ್ರೈವ್ ವಾಹನಗಳಲ್ಲಿ ಅಲ್ ಹಜರ್ ಪರ್ವತಶ್ರೇಣಿಯನ್ನು ಸುತ್ತಲಿದ್ದಾರೆ. ನಿಜ್ವಾ, ಜಬಲ್ ಅಖ್ದರ್, ಜಬಲ್ ಶಮ್ಸ್ ನೋಡಿಕೊಂಡು, ಅಲ್ ಹಮ್ರಾದಿಂದ ಬೆಟ್ಟದ ನೆತ್ತಿ ದಾಟಿ, ಬಿಲಾದ್ ಸೈತ್ ಹಳ್ಳಿಯ ಬಳಿಯಿಂದ ವಾದಿ ಬನಿ ಔಫ್ ಕಣಿವೆಗೆ ಇಳಿದು ರುಸ್ತಾಕ್ ಸೇರುವುದು ಯೋಜನೆ. ಒಂದು ಮಧ್ಯಾಹ್ನ ಕ್ವಾಡ್ ಬೈಕ್ ಸವಾರಿಯೂ ಇದೆ. ಉಡುಪಿಯಲ್ಲಿ ದೀರ್ಘಕಾಲ ಫಿಸಿಷಿಯನ್ ಆಗಿದ್ದ ನಮ್ಮ ವೈದ್ಯರು ಈ ವಾರ ಉತ್ತರಿಸಲು ಒಪ್ಪಿದ್ದಾರೆ. ವಯಸ್ಸು, ಕಾಯಿಲೆ ಮತ್ತು ಮಾತ್ರೆಗಳ ಹೆಸರನ್ನು ಬರೆದು ಕೇಳಬೇಕಾಗಿ ವಿನಂತಿ.

ಸದಸ್ಯೆ, ಕದ್ರಿ: ವಯಸ್ಸು 66. ಜಬಲ್ ಶಮ್ಸ್ 3000 ಮೀಟರ್ ಎತ್ತರವಿದೆ ಎಂದು ಓದಿದೆ. ಲಡಾಖ್‌ಗೆ ಹೋಗಿದ್ದ ನನ್ನ ಸೊಸೆ ಎತ್ತರದ ಕಾಯಿಲೆಗೆಂದು ಅಸೆಟಜೋಲಮೈಡ್ ಮಾತ್ರೆ ತೆಗೆದುಕೊಂಡಿದ್ದಳು. ಅದನ್ನು ನಾನೂ ಆರಂಭಿಸಬೇಕೇ?

ವೈದ್ಯರು: ಬೇಡ. ಶಿಖರದ ಎತ್ತರ ಅಷ್ಟಿರಬಹುದು, ಆದರೆ ನೀವು ವಾಹನದಲ್ಲಿ ತಲುಪುವ ಕಣಿವೆಯ ಅಂಚು ಸುಮಾರು 2000 ಮೀಟರ್‌ನಲ್ಲಿದೆ. ಅದು ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಹೆಚ್ಚು. ಎತ್ತರದ ಕಾಯಿಲೆ ಸಾಮಾನ್ಯವಾಗಿ 2500 ಮೀಟರ್ ದಾಟಿದ ಮೇಲಿನ ಚಿಂತೆ. ಸೊಸೆಯ ಮಾತ್ರೆ ಸೊಸೆಗಿರಲಿ.

ಸದಸ್ಯರು, ಬಿಜೈ: ಬಿಸಿಲಿನ ಆಘಾತಕ್ಕೆ ಅಂಗಿಯ ಕಿಸೆಯಲ್ಲಿ ಈರುಳ್ಳಿ ಇಟ್ಟುಕೊಂಡರೆ ಸಾಕು, ಅದು ಉಷ್ಣವನ್ನು ಎಳೆದುಕೊಳ್ಳುತ್ತದೆ ಎಂಬ ಸಂದೇಶ ಬಂದಿದೆ. 40 ಡಿಗ್ರಿ ಬಿಸಿಲಿನಲ್ಲಿ ತಣ್ಣೀರು ಕುಡಿದರೆ ರಕ್ತನಾಳಗಳು ಒಡೆಯುತ್ತವೆಯೆಂದೂ ಅದರಲ್ಲಿದೆ. ಎಲ್ಲರ ಅನುಕೂಲಕ್ಕಾಗಿ ಹಂಚಿಕೊಂಡಿದ್ದೇನೆ.

ವೈದ್ಯರು: ಎರಡೂ ಸುಳ್ಳು. ಈರುಳ್ಳಿಯನ್ನು ಊಟಕ್ಕೆ ಬಳಸಿ. ಎರಡನೆಯ ಸುಳ್ಳು ಹೆಚ್ಚು ಅಪಾಯಕಾರಿ, ಏಕೆಂದರೆ ಬಿಸಿಲಿನ ಆಘಾತವಾದವರ ಮೈಯನ್ನು ಆದಷ್ಟು ಬೇಗ ತಣ್ಣೀರಿನಿಂದ ತೋಯಿಸಿ ಗಾಳಿ ಬೀಸುವುದೇ ಮೊದಲ ಚಿಕಿತ್ಸೆ. ಇಂತಹ ಸಂದೇಶ ಓದಿದವರು ಆ ಗಳಿಗೆಯಲ್ಲಿ ನೀರಿನ ಬಾಟಲಿ ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಾರೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬಾರದು.

ಸದಸ್ಯರು, ಕಲ್ಯಾಣಪುರ: ವಯಸ್ಸು 68. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಡಪಾಗ್ಲಿಫ್ಲೋಜಿನ್, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಹಾಗೂ ಹೈಡ್ರೋಕ್ಲೋರೋಥಯಜೈಡ್ ಕೂಡಿರುವ ಮಾತ್ರೆ, ಪ್ರಾಸ್ಟೇಟ್‌ಗೆ ರಾತ್ರಿ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತೇನೆ. ಎಲ್ಲವೂ ಹತೋಟಿಯಲ್ಲಿದೆ. ನನಗಿರುವುದು ಒಂದು ಸಣ್ಣ ತೊಂದರೆ ಮಾತ್ರ. ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕಾಗುತ್ತದೆ, ಆ ಬೋಳು ಬೆಟ್ಟದಲ್ಲಿ ಮರೆಯೂ ಇಲ್ಲ. ಆದ್ದರಿಂದ ಪ್ರಯಾಣದ ದಿನಗಳಲ್ಲಿ ಸಂಜೆಯವರೆಗೆ ನೀರನ್ನು ಅರ್ಧ ಲೋಟಕ್ಕೆ ಇಳಿಸಿ, ತಿರುವುಗಳಲ್ಲಿ ವಾಂತಿಯಾಗದಂತೆ ಪ್ರೊಮೆಥಜೀನ್ ಮಾತ್ರೆ ತೆಗೆದುಕೊಳ್ಳೋಣ ಎಂದುಕೊಂಡಿದ್ದೇನೆ. ನಡುವೆ ಏಕಾದಶಿಯೂ ಬರುತ್ತದೆ, ನನ್ನದು ನಿರ್ಜಲ ಉಪವಾಸ. ಇದರಲ್ಲಿ ತೊಂದರೆಯಿಲ್ಲವಷ್ಟೆ?

ವೈದ್ಯರು: ತೊಂದರೆಯಿದೆ. ಇದುವರೆಗೆ ಬಂದ ಪ್ರಶ್ನೆಗಳಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಇದೊಂದೇ, ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಅಂಗಿಯನ್ನು ಒದ್ದೆ ಮಾಡಿ ತಾನು ಹೋಗುತ್ತಿರುವುದನ್ನು ತಿಳಿಸುತ್ತದೆ. ಅಲ್ಲಿನ ಒಣಗಾಳಿಯಲ್ಲಿ ಅದು ಚರ್ಮದ ಮೇಲೆಯೇ ಆರಿಹೋಗುತ್ತದೆ. ಸಂಜೆ ಟೋಪಿಯ ಅಂಚಿನಲ್ಲಿ ಬಿಳಿಯ ಉಪ್ಪಿನ ಗೆರೆ ಕಂಡಾಗಲೇ ಎಷ್ಟು ಹೋಯಿತೆಂದು ಗೊತ್ತಾಗುವುದು. ಅರವತ್ತು ದಾಟಿದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಅದರ ಮೇಲೆ ನೀವು ಮೂತ್ರದಲ್ಲಿ ಸಕ್ಕರೆಯನ್ನೂ ಅದರೊಂದಿಗೆ ನೀರನ್ನೂ ಹೊರಹಾಕುವ ಡಪಾಗ್ಲಿಫ್ಲೋಜಿನ್ ಮತ್ತು ಉಪ್ಪುನೀರನ್ನು ಹೊರಹಾಕುವ ಥಯಜೈಡ್ ಎರಡನ್ನೂ ನುಂಗುತ್ತಿದ್ದೀರಿ. ಗಂಟೆಗೊಮ್ಮೆ ಮೂತ್ರಕ್ಕೆ ಹೋಗುವುದರಲ್ಲಿ ಪ್ರಾಸ್ಟೇಟ್‌ನಷ್ಟೇ ಪಾಲು ಈ ಮಾತ್ರೆಗಳದ್ದೂ ಇರಬಹುದು. ಕುಡಿಯುವುದನ್ನು ನಿಲ್ಲಿಸಿದರೆ ಮಾತ್ರೆ ತನ್ನ ಕೆಲಸ ನಿಲ್ಲಿಸುವುದಿಲ್ಲ.

ಎರಡನೆಯದು ಉಪವಾಸ. ಡಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಾ ಅನ್ನನೀರು ಬಿಟ್ಟವರ ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ಏರಿ ಕೀಟೋಆಸಿಡೋಸಿಸ್ ಎಂಬ ಅಪಾಯದ ಸ್ಥಿತಿ ಉಂಟಾಗಬಹುದು. ಆಗ ಗ್ಲುಕೋಮೀಟರ್ 160 ಅಥವಾ 180 ತೋರಿಸುತ್ತಿರುತ್ತದೆ, ಸಕ್ಕರೆ ಸರಿಯಾಗಿದೆಯೆಂದು ಎಲ್ಲರೂ ನಿಶ್ಚಿಂತರಾಗುತ್ತಾರೆ. ವಾಂತಿ, ಹೊಟ್ಟೆನೋವು, ವೇಗದ ಆಳವಾದ ಉಸಿರು ಕಾಣಿಸಿಕೊಂಡಾಗ ನಿಮ್ಮ ಗೆಳೆಯರು ಅದನ್ನು ತಿರುವುಗಳ ವಾಂತಿಯೆಂದು ತಿಳಿದು ಪ್ರೊಮೆಥಜೀನ್ ಕೊಡುತ್ತಾರೆ. ಆ ಮಾತ್ರೆಯಂತೂ ಪ್ರಾಸ್ಟೇಟ್ ತೊಂದರೆ ಇರುವವರಿಗೆ ಮೂತ್ರವನ್ನು ಪೂರ್ತಿ ಕಟ್ಟಿಸಬಲ್ಲದು, ಬೆವರನ್ನೂ ತಗ್ಗಿಸುತ್ತದೆ. ಬಿಲಾದ್ ಸೈತ್‌ನ ಇಳಿಜಾರಿನಲ್ಲಿ ಮೂತ್ರ ಕಟ್ಟಿದರೆ ಅದನ್ನು ಹೊರತೆಗೆಯುವ ಕೊಳವೆ, ಅಂದರೆ ಕ್ಯಾತಿಟರ್ ಹಾಕುವವರಿಗಾಗಿ ರುಸ್ತಾಕ್‌ವರೆಗೆ ಆ ಕುಲುಕಾಟದಲ್ಲೇ ಹೋಗಬೇಕು.

ಮಾಡಬೇಕಾದದ್ದು ಇಷ್ಟು. ಈ ವಾರವೇ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಸೋಡಿಯಂ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಪ್ರವಾಸದ ದಿನಗಳಿಗೆ ಡಪಾಗ್ಲಿಫ್ಲೋಜಿನ್ ಮತ್ತು ಥಯಜೈಡ್ ಬದಲಿಸಬಹುದೇ ಎಂದು ನಿಮ್ಮನ್ನು ನೋಡುವ ವೈದ್ಯರಲ್ಲೇ ಕೇಳಿ. ನಾನು ಇಲ್ಲಿ ಕುಳಿತು ಯಾರ ಮಾತ್ರೆಯನ್ನೂ ನಿಲ್ಲಿಸಲಾರೆ. ವಾಂತಿಭೇದಿಯಾಗಿ ಏನೂ ಕುಡಿಯಲಾಗದ ದಿನ ಯಾವ ಮಾತ್ರೆ ಬಿಡಬೇಕು ಎಂಬುದನ್ನು ಅವರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ವಾಹನದಲ್ಲಿ ಅಗಲ ಬಾಯಿಯ ಬಾಟಲಿ, ಪಂಚೆಯ ಮರೆ. ನಾಚಿಕೆ ಪಡುವ ವಯಸ್ಸು ನಿಮ್ಮದಲ್ಲ. ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರು ಎತ್ತರದ ಸೀಟಿನಿಂದ ಒಮ್ಮೆಲೇ ಧುಮುಕಬಾರದು, ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಬಾಗಿಲು ತೆರೆದು, ಕಾಲು ಇಳಿಬಿಟ್ಟು, ಸ್ವಲ್ಪ ಹೊತ್ತು ಕುಳಿತು ಇಳಿಯಿರಿ.

ಒಂದು ಪ್ರಶ್ನೆ ನನ್ನದು. ಬೆನ್ನುನೋವು, ಗಂಟುನೋವಿಗೆ ಏನಾದರೂ ತೆಗೆದುಕೊಳ್ಳುತ್ತೀರಾ?

ಸದಸ್ಯರು, ಪುತ್ತೂರು: ಏಕಾದಶಿಯ ವಿಷಯದಲ್ಲಿ ವೈದ್ಯರು ಇಷ್ಟು ಹಗುರವಾಗಿ ಬರೆಯಬಾರದಿತ್ತು. ಎಂಟು ವರ್ಷದಿಂದ ಎಂಬತ್ತು ವರ್ಷದವರೆಗೆ ಉಪವಾಸ ಕಡ್ಡಾಯವೆಂದು ಶಾಸ್ತ್ರ ಹೇಳುತ್ತದೆ.

ಸದಸ್ಯರು, ಸುರತ್ಕಲ್: ಅದೇ ಶಾಸ್ತ್ರವು ಅಶಕ್ತರಿಗೆ ಹಾಲುಹಣ್ಣಿನ ಅನುಕೂಲವನ್ನೂ ಹೇಳಿದೆ. ಆ ಭಾಗವನ್ನು ಓದದೆ ಮೊದಲ ಸಾಲನ್ನಷ್ಟೇ ಉದ್ಧರಿಸುವುದು ನಿಮ್ಮ ಹಳೆಯ ಅಭ್ಯಾಸ.

ಸದಸ್ಯರು, ಪುತ್ತೂರು: ನನ್ನ ಅಭ್ಯಾಸದ ಬಗ್ಗೆ ತಮಗೆ ಚಿಂತೆ ಬೇಡ. ಅಷ್ಟೊಂದು ಅಶಕ್ತರಾದವರು ಜೀಪಿನಲ್ಲಿ ಬೆಟ್ಟ ಇಳಿಯಲು ಹೊರಡುವುದಾದರೂ ಏಕೆ?

ವೈದ್ಯರು: ಹಗುರವಾಗಿ ನಾನು ಏನನ್ನೂ ಬರೆದಿಲ್ಲ. ಉಪವಾಸ ಮಾಡಬೇಕೋ ಬೇಡವೋ ಎಂಬುದನ್ನು ಮಠದಲ್ಲಿ ಕೇಳಿ, ಮಾತ್ರೆ ನುಂಗಿ ಉಪವಾಸ ಮಾಡಬಹುದೇ ಎಂಬುದನ್ನು ನನ್ನಲ್ಲಿ ಕೇಳಿ. ಎರಡನೆಯದಕ್ಕೆ ಉತ್ತರ ಕೊಟ್ಟಾಗಿದೆ.

ಸದಸ್ಯರು, ಕಾಪು: ಕುಲುಕಾಟಕ್ಕೆ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳಬಹುದೇ?

ವೈದ್ಯರು: ಕಟ್ಟಿಕೊಳ್ಳಬಹುದು, ಆದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರದೆ ಮುಂದೆ ಅಥವಾ ನಡುವೆ ಕುಳಿತುಕೊಳ್ಳಿ, ಆಗಾಗ ಇಳಿದು ನಡೆಯಿರಿ.

ಸದಸ್ಯೆ, ಕುಂದಾಪುರ: ವಯಸ್ಸು 71. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಇಂಜೆಕ್ಷನ್ ಪಡೆಯುತ್ತಿದ್ದೇನೆ. ಕ್ವಾಡ್ ಬೈಕ್ ಒಮ್ಮೆ ಓಡಿಸಬೇಕೆಂಬ ಆಸೆಯಿದೆ. ಮಕ್ಕಳು ಬೇಡವೆನ್ನುತ್ತಾರೆ, ನೀವೂ ಹಾಗೆಯೇ ಹೇಳುವಿರಾ?

ವೈದ್ಯರು: ಹೌದು, ಆದರೆ ಕಾರಣ ಬೇರೆ. ವಯಸ್ಸಿನ ಮಾತನ್ನು ನಾನು ಎತ್ತುವುದಿಲ್ಲ. ಸವೆದ ಮೂಳೆಯವರು ಬೀಳಬೇಕಾಗಿಯೇ ಇಲ್ಲ, ಕುಳಿತಲ್ಲೇ ಒಂದು ದೊಡ್ಡ ಜಿಗಿತಕ್ಕೆ ಬೆನ್ನುಮೂಳೆಯ ಮಣಿ ಕುಸಿಯಬಹುದು. ಕ್ವಾಡ್ ಬೈಕ್‌ಗೆ ನಾಲ್ಕು ಚಕ್ರವಿದ್ದರೂ ಅದರ ಭಾರಕೇಂದ್ರ ಮೇಲಿರುತ್ತದೆ, ಇಳಿಜಾರಿನಲ್ಲಿ ಅಡ್ಡ ತಿರುಗಿಸಿದರೆ ಸವಾರರ ಮೇಲೆಯೇ ಮಗುಚುತ್ತದೆ. ಆಸೆ ತೀರಲೇಬೇಕಾದರೆ ಕಬ್ಬಿಣದ ಪಂಜರ ಮತ್ತು ಸೀಟ್ ಬೆಲ್ಟ್ ಇರುವ ಬಗ್ಗಿಯಲ್ಲಿ, ಸಮತಟ್ಟಾದ ಮರಳಿನ ಮೇಲೆ, ನಿಧಾನವಾಗಿ, ಬೇರೆಯವರು ಓಡಿಸುತ್ತಿರುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ.

ಸದಸ್ಯರು, ಉರ್ವ: ಹೃದಯದ ಬಡಿತ ತಪ್ಪುವುದಕ್ಕಾಗಿ ಅಪಿಕ್ಸಬಾನ್ ತೆಗೆದುಕೊಳ್ಳುತ್ತಿದ್ದೇನೆ. ಹೆಲ್ಮೆಟ್ ಹಾಕಿಕೊಂಡರೆ ಕ್ವಾಡ್ ಬೈಕ್ ಓಡಿಸಬಹುದಲ್ಲವೇ?

ವೈದ್ಯರು: ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆಯಲ್ಲಿರುವವರ ತಲೆಗೆ ಪೆಟ್ಟಾದರೆ ಸ್ಕ್ಯಾನ್ ಯಂತ್ರ ಹತ್ತಿರವಿರಬೇಕು. ಸವಾರಿಗಾಗಿ ಎರಡು ದಿನ ಮಾತ್ರೆ ಬಿಡುತ್ತೇನೆಂದು ಮುಂದಿನ ಪ್ರಶ್ನೆ ಬರಬಹುದು. ಅದಕ್ಕೂ ಉತ್ತರ ಬೇಡವೆಂದೇ.

ಸದಸ್ಯರು, ಬ್ರಹ್ಮಾವರ: ನಾನು ಮಸ್ಕತ್‌ನಲ್ಲಿ ದುಡಿದವನು. ಜಬಲ್ ಅಖ್ದರ್‌ಗೆ ಮಗನ ಸಣ್ಣ ಕಾರಿನಲ್ಲಿ ಹೋಗುವ ಆಲೋಚನೆಯನ್ನು ಕೆಲವರು ಹೇಳುತ್ತಿದ್ದಾರಂತೆ. ಬಿರ್ಕತ್ ಅಲ್ ಮೌಜ್‌ನ ಪೊಲೀಸ್ ತಪಾಸಣೆಯಲ್ಲಿ ಫೋರ್ ವೀಲ್ ಡ್ರೈವ್ ಅಲ್ಲದ ವಾಹನವನ್ನು ಹಿಂದಕ್ಕೆ ಕಳುಹಿಸುತ್ತಾರೆ.

ಸದಸ್ಯರು, ಬಿಜೈ: ಶಿರಾಡಿ, ಆಗುಂಬೆ ಘಾಟಿಗಳಲ್ಲಿ ಮಳೆಗಾಲದಲ್ಲಿ ವಾಹನ ಓಡಿಸಿದ ನಮಗೆ ಆ ಒಣ ಬೆಟ್ಟ ಯಾವ ಲೆಕ್ಕ? ವಾದಿಯಲ್ಲಿ, ಅಂದರೆ ಅಲ್ಲಿನ ಒಣ ಹೊಳೆಯಲ್ಲಿ, ನೀರು ಬಂದರೂ ಮೊಣಕಾಲುದ್ದ ಬಂದೀತು.

ಸದಸ್ಯರು, ಬ್ರಹ್ಮಾವರ: ಇಂತಹ ಮಾತಾಡಿದವರನ್ನೇ ವಾದಿ ಕೊಚ್ಚಿಕೊಂಡು ಹೋಗುವುದು, ಮಾರಾಯರೇ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ. ಮೀರಿ ಸುರಿಯುವ ಮಳೆಯಲ್ಲಿ ಬಹುಪಾಲನ್ನು ಮಣ್ಣು, ಗದ್ದೆ, ತೋಡುಗಳು ಹಂಚಿಕೊಳ್ಳುತ್ತವೆ. ಮಸ್ಕತ್‌ನ ವರ್ಷದ ಮಳೆ ಸುಮಾರು 100 ಮಿ.ಮೀ. ಮಾತ್ರ, ಆದರೆ ಅಲ್ಲಿ ಬೆಟ್ಟವೆಂದರೆ ಬರೀ ಬಂಡೆ. ನೀವು ನಿಂತಲ್ಲಿ ಆಕಾಶ ಶುಭ್ರವಾಗಿರುವಾಗಲೇ ಮೇಲೆಲ್ಲೋ ಸುರಿದ ನೀರು ಕಲ್ಲುಗಳನ್ನು ಉರುಳಿಸಿಕೊಂಡು ಬರುತ್ತದೆ. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್‌ನಲ್ಲಿ ಶಾಲಾ ಮಕ್ಕಳಿದ್ದ ವಾಹನ ಕೊಚ್ಚಿಹೋಗಿ ಮಕ್ಕಳು ಸತ್ತರು. ನೀರಿರುವ ವಾದಿಯನ್ನು ದಾಟುವುದು ಅಲ್ಲಿ ಶಿಕ್ಷಾರ್ಹ ಅಪರಾಧ.

ಸದಸ್ಯರು, ಬಿಜೈ: ಗಲ್ಫ್‌ನಲ್ಲಿ ಇದ್ದು ಬಂದವರಿಗೆ ಊರಿನವರೆಲ್ಲ ದಡ್ಡರಾಗಿಯೇ ಕಾಣುತ್ತಾರೆ.

ಸದಸ್ಯರು, ಬ್ರಹ್ಮಾವರ: ಎಲ್ಲರೂ ಅಲ್ಲ.

ಸದಸ್ಯರು, ಮೂಡುಬಿದಿರೆ: ಗಮನಕ್ಕೆ ಬಾರದೆ ಹೋಗಬಾರದೆಂದು ಮತ್ತೆ ಬರೆಯುತ್ತಿದ್ದೇನೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಪ್ರವಾಸಕ್ಕೆ ಮೂರು ವಾರ ಮೊದಲು ಇದೆ. ದೂಳಿನಲ್ಲಿ ಹೋಗಬಹುದೇ?

ಸದಸ್ಯೆ, ಮಣಿಪಾಲ: ಸಕ್ಕರೆ ಕಾಯಿಲೆಯವರು ಓಆರ್‌ಎಸ್ ಕುಡಿಯಬಹುದೇ? ಇನ್ಸುಲಿನ್ ಅನ್ನು ವಾಹನದಲ್ಲಿ ಹೇಗೆ ಇಡಬೇಕು?

ವೈದ್ಯರು: ವಾಂತಿಭೇದಿಯಾದರೆ ಕುಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯಲ್ಲಿ ಲೀಟರಿಗೆ 13.5 ಗ್ರಾಂ ಗ್ಲುಕೋಸ್ ಇರುತ್ತದೆ. ಹಣ್ಣಿನ ರುಚಿಯ ಪೊಟ್ಟಣದ ಪಾನೀಯಗಳಲ್ಲಿ ಸಕ್ಕರೆ ಬಹಳ ಹೆಚ್ಚು. ಅವುಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದವನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶಿಸಿದ್ದು ಸುಮ್ಮನೆ ಅಲ್ಲ. ಬರೀ ಬಾಯಾರಿಕೆಗೆ ನೀರು ಸಾಕು. ಇನ್ಸುಲಿನ್ ಡ್ಯಾಶ್‌ಬೋರ್ಡಿನಲ್ಲಿ ಇಡಬೇಡಿ, ಮಂಜುಗಡ್ಡೆಗೂ ನೇರ ತಾಗಿಸಬೇಡಿ. ನಿಮ್ಮ ಕೈಚೀಲದಲ್ಲಿ, ತಣ್ಣಗಿನ ಥರ್ಮಾಸ್‌ನಲ್ಲಿ ಇರಲಿ.

ಸದಸ್ಯರು, ಬೈಂದೂರು: ನನಗೂ ಸಕ್ಕರೆ ಕಾಯಿಲೆ ಇದೆ. ಓಆರ್‌ಎಸ್ ಕುಡಿಯಬಹುದೇ?

ವೈದ್ಯರು: ಮೇಲೆ ಓದಿ.

ಸದಸ್ಯರು, ಕಾಪು: ಬೆಲ್ಟ್ ಎಷ್ಟು ಅಗಲದ್ದಿರಬೇಕು?

ಸದಸ್ಯರು, ಬಿಜೈ: ಒಂಟಿಯಾಗಿರುವಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಾ ಇದ್ದರೆ ಬದುಕಬಹುದು, ಲಕ್ವ ಹೊಡೆದರೆ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಬೇಕು ಎಂದು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರ ಹೆಸರಿನಲ್ಲಿಯೇ ಬಂದಿದೆ. ವಾಹನದಲ್ಲಿ ಸೂಜಿ ಇಟ್ಟುಕೊಳ್ಳಬೇಕೇ?

ವೈದ್ಯರು: ಇಟ್ಟುಕೊಳ್ಳಬೇಡಿ. ತಜ್ಞರ ಹೆಸರನ್ನು ಯಾರೂ ಅಂಟಿಸಬಹುದು. ಎದೆನೋವು ಬಂದವರು ಕೆಮ್ಮುತ್ತಾ ಕುಳಿತರೆ ಹೋಗುವುದು ಸಮಯ, ಲಕ್ವ ಹೊಡೆದವರ ಬೆರಳು ಚುಚ್ಚುತ್ತಾ ಕುಳಿತರೂ ಅದೇ. ಲಕ್ವದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಲಕ್ಷಣ ಕಂಡಾಗಿನಿಂದ ನಾಲ್ಕೂವರೆ ಗಂಟೆಯ ಮಿತಿಯಿದೆ, ಮತ್ತು ನೀವು ಹೋಗುವ ದಾರಿಯಲ್ಲಿ ಅದರ ಬಹುಭಾಗ ಇಳಿಯುವುದಕ್ಕೇ ಬೇಕು. ಮುಖ ಸೊಟ್ಟಗಾಯಿತೇ, ಕೈ ಎತ್ತಲಾಗುತ್ತಿಲ್ಲವೇ, ಮಾತು ತೊದಲುತ್ತಿದೆಯೇ ಎಂದು ನೋಡಿ, ಗಂಟೆ ಬರೆದುಕೊಂಡು ವಾಹನವನ್ನು ಆಸ್ಪತ್ರೆಯತ್ತ ತಿರುಗಿಸಿ. ಒಮಾನ್‌ನಲ್ಲಿ ತುರ್ತು ಸಂಖ್ಯೆ 9999. ಫಾರ್ವರ್ಡ್ ಸಂದೇಶಗಳಿಗೆ ನಾನು ಉತ್ತರಿಸುವುದು ಇದೇ ಕೊನೆ.

ಸದಸ್ಯರು, ಬಿಜೈ: ಒಳ್ಳೆಯ ಉದ್ದೇಶದಿಂದ ಕಳುಹಿಸಿದ್ದು. ವಿದ್ಯೆಯ ಜೊತೆ ವಿನಯವೂ ಇರಬೇಕು.

ನಿರ್ವಾಹಕರು, ಅಂಬಲಪಾಡಿ: ದಯವಿಟ್ಟು ವೈಯಕ್ತಿಕ ಮಾತು ಬೇಡ. ಟ್ರಮಡಾಲ್, ಕೋಡೀನ್, ಅಲ್ಪ್ರಜೋಲಾಂನಂತಹ ಮಾತ್ರೆಗಳಿಗೆ ಗಲ್ಫ್ ದೇಶಗಳಲ್ಲಿ ನಿಯಂತ್ರಣವಿದೆ. ಎಲ್ಲರೂ ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಂದಿಗೆ ತರಬೇಕು.

ಸದಸ್ಯೆ, ಕಲ್ಯಾಣಪುರ: ನಮ್ಮವರಿಗೆ ವೈದ್ಯರು ಕೇಳಿದ್ದ ಪ್ರಶ್ನೆಗೆ ನಾನೇ ಉತ್ತರಿಸುತ್ತೇನೆ. ಮೊಣಕಾಲು ನೋವಿಗೆ ಔಷಧಿ ಅಂಗಡಿಯಿಂದ ಅಸೆಕ್ಲೋಫೆನಾಕ್ ತಂದು ವಾರದಲ್ಲಿ ನಾಲ್ಕೈದು ದಿನ ನುಂಗುತ್ತಾರೆ. ಅದನ್ನು ಅವರು ಮಾತ್ರೆಗಳ ಲೆಕ್ಕಕ್ಕೇ ಸೇರಿಸುವುದಿಲ್ಲ. ನಿನ್ನೆ ರಕ್ತ ಪರೀಕ್ಷೆ ಮಾಡಿಸಿದೆವು. ಕ್ರಿಯಾಟಿನಿನ್ 1.7, ಪೊಟ್ಯಾಸಿಯಂ 5.4 ಇದೆ. ಕಳೆದ ವರ್ಷ ಕ್ರಿಯಾಟಿನಿನ್ 1.1 ಇತ್ತು.

ವೈದ್ಯರು: ನಾನು ಹೆದರಿದ್ದು ಇದಕ್ಕೇ, ಅದು ಮನೆಯಲ್ಲಿಯೇ ಆರಂಭವಾಗಿದೆ. ಮೂತ್ರಪಿಂಡದ ಸೋಸುಗದಲ್ಲಿ ಒತ್ತಡ ಉಳಿಯಬೇಕಾದರೆ ರಕ್ತ ಒಳಬರುವ ನಾಳ ತೆರೆದಿರಬೇಕು, ಹೊರಹೋಗುವ ನಾಳ ಬಿಗಿಯಾಗಿರಬೇಕು. ಅಸೆಕ್ಲೋಫೆನಾಕ್ ಒಳನಾಳವನ್ನು ಕಿರಿದಾಗಿಸುತ್ತದೆ, ಟೆಲ್ಮಿಸಾರ್ಟನ್ ಹೊರನಾಳವನ್ನು ಸಡಿಲಿಸುತ್ತದೆ, ಥಯಜೈಡ್ ಒಟ್ಟು ನೀರನ್ನೇ ಇಳಿಸುತ್ತದೆ. ಮೂರೂ ಒಟ್ಟಾದಾಗ ಸೋಸುವಿಕೆ ಕುಸಿಯುತ್ತದೆ. ಅಲ್ಲಿನ ಕುಲುಕಾಟಕ್ಕೆ ಬೆನ್ನು ನೊಂದು ಇವರು ದಿನಕ್ಕೆರಡು ನುಂಗಿ, ನೀರೂ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಅಸೆಕ್ಲೋಫೆನಾಕ್ ಇವತ್ತೇ ನಿಲ್ಲಲಿ, ಇದನ್ನು ಮಾತ್ರ ನಾನೇ ಹೇಳುತ್ತೇನೆ. ನೋವಿಗೆ ಪ್ಯಾರಾಸಿಟಮಾಲ್ 650 ಸಾಕು. ಉಳಿದ ಮಾತ್ರೆಗಳ ಬಗ್ಗೆ ನಾಳೆ ಬೆಳಿಗ್ಗೆ ಈ ವರದಿಯೊಂದಿಗೆ ನಿಮ್ಮ ವೈದ್ಯರಲ್ಲಿಗೆ ಹೋಗಿ, ಅವರು ಹೇಳುವವರೆಗೆ ಎಳನೀರು ಬೇಡ, ಅದರಲ್ಲಿ ಪೊಟ್ಯಾಸಿಯಂ ಇದೆ.

ಸದಸ್ಯರು, ಕಲ್ಯಾಣಪುರ: ಟಿಕೆಟಿನ ಹಣ ಹಿಂದಿರುಗುವುದಿಲ್ಲ. ಹೋಗಬಹುದೋ ಇಲ್ಲವೋ ಅಷ್ಟನ್ನು ಹೇಳಿ.

ವೈದ್ಯರು: ಹತ್ತು ದಿನಗಳ ನಂತರ ಕ್ರಿಯಾಟಿನಿನ್ ಮತ್ತೆ ನೋಡಿ. ಇಳಿದಿದ್ದರೆ ನಿಜ್ವಾ ಮತ್ತು ಜಬಲ್ ಅಖ್ದರ್‌ವರೆಗೆ ಹೋಗಬಹುದು, ಅಲ್ಲಿಗೆ ಡಾಂಬರು ರಸ್ತೆಯಿದೆ. ವಾದಿ ಬನಿ ಔಫ್ ಇಳಿಯುವ ದಿನ ನೀವು ನಿಜ್ವಾದಲ್ಲಿಯೇ ಉಳಿಯಿರಿ. ಕ್ರಿಯಾಟಿನಿನ್ ಇಳಿಯದಿದ್ದರೆ ಟಿಕೆಟಿನ ಮಾತೇ ಬೇಡ.

ಸದಸ್ಯರು, ಕಾಪು: ಬೆಲ್ಟಿನ ಅಗಲದ ಬಗ್ಗೆ ಕೇಳಿದ್ದೆ.