‘ಇನ್‌ಸ್ಟಾಲ್’ ಅನ್ನೋದಕ್ಕೆ ಹಾಕು, ಅಳವಡಿಸು, ಕೂರಿಸು: ಯಾವುದು ಒಪ್ಪುತ್ತೆ?

ಎಲ್ಲರಿಗೂ ನಮಸ್ಕಾರ.

ನಮ್ಮೂರ ವಾಚನಾಲಯದ ಪುಸ್ತಕಗಳ ಪಟ್ಟಿ ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್‌ನಲ್ಲಿದೆ. ಅದನ್ನು ನೋಡಿಕೊಳ್ಳುವ ಇಬ್ಬರು ಹುಡುಗರಿಗೆ ಬ್ರೌಸರ್‌ನಲ್ಲೇ ಕೆಲಸ ಆಗಲಿ ಅಂತ ಅಲ್ಲಿನ ಉಬುಂಟು ಕಂಪ್ಯೂಟರಿಗೆ ಪಿಎಚ್‌ಪಿಮೈಅಡ್ಮಿನ್ ಹಾಕಿದೆ. ಅಂಥ ಡೇಟಾಬೇಸನ್ನು ಬ್ರೌಸರ್‌ನಿಂದಲೇ ನೋಡಿಕೊಳ್ಳಲು 1998ರಿಂದ ಬಳಕೆಯಲ್ಲಿರುವ ಉಚಿತ ತಂತ್ರಾಂಶ ಅದು. ಮುಂದೆ ಅವರೇ ಮಾಡಿಕೊಳ್ಳಲು ಬರಬೇಕಲ್ವಾ? ಅದಕ್ಕೆ ಎರಡು ಪುಟದ ಟಿಪ್ಪಣಿ ಬರೆಯಲು ಕೂತೆ. ಶೀರ್ಷಿಕೆಯಲ್ಲೇ ಪೆನ್ನು ನಿಂತಿತು. ‘ಇನ್‌ಸ್ಟಾಲ್’ಗೆ ಏನು ಬರೆಯಲಿ?

‘ಅನುಸ್ಥಾಪನೆ’ ಅಂತ ಕೆಲವು ಕಡೆ ನೋಡಿದ್ದೇನೆ. ಯಾರ ಬಾಯಲ್ಲೂ ಕೇಳಿಲ್ಲ. ‘ಸ್ಥಾಪನೆ’ ಅಂದರೆ ಸಂಘವೋ ಶಾಲೆಯೋ ಶುರುವಾದ ಹಾಗೆ ಕೇಳಿಸುತ್ತದೆ. ‘ಅಳವಡಿಸು’ ಒಳ್ಳೆಯ ಪದವೇ. ಪೇಪರಿನವರು ಸಿಸಿ ಕ್ಯಾಮೆರಾಕ್ಕೂ ಅದನ್ನೇ ಬರೆಯುತ್ತಾರೆ, ಹೊಸ ನೀತಿಗೂ ಅದನ್ನೇ ಬರೆಯುತ್ತಾರೆ. ಹೀಗಾಗಿ ಅದರ ಅರ್ಥ ತುಂಬ ಹರಡಿಕೊಂಡಿದೆ. ನಾವು ಮಾತಾಡುವಾಗ ಹೇಳೋದು ‘ಹಾಕು’. ‘ಕನ್ನಡ ಫಾಂಟ್ ಹಾಕಿಕೊಡಿ’ ಅಂತಲೇ ಎಲ್ಲರೂ ಕೇಳುತ್ತಾರೆ.

ನಾನೂ ‘ಹಾಕು’ ಅಂತಲೇ ಬರೆದು ಮುಗಿಸುತ್ತಿದ್ದೆ. ಆದರೆ ಅವತ್ತು ನಡೆದದ್ದು ಬೇರೆ ಯೋಚನೆಗೆ ಹಚ್ಚಿತು. ಆದೇಶ ಕೊಟ್ಟೆ, ಕಡತಗಳೆಲ್ಲ ಇಳಿದವು. ನಡುವೆ ತೆರೆಯ ಮೇಲೆ ಒಂದು ಪೆಟ್ಟಿಗೆ ಬಂದು ಯಾವ ವೆಬ್ ಸರ್ವರ್ (ಬ್ರೌಸರ್‌ಗೆ ಪುಟ ಕಳಿಸುವ ತಂತ್ರಾಂಶ) ಅಂತ ಕೇಳಿತು. ಅಪಾಚೆ2, ಅದರ ಕೆಳಗೆ ಇನ್ನೊಂದು. ಅಪಾಚೆ2 ಸಾಲಿನ ಮೇಲೆ ಬಣ್ಣ ಇತ್ತು. ಆರಿಸಿಯೇ ಇದೆ ಅಂದುಕೊಂಡು ಟ್ಯಾಬ್ ಒತ್ತಿ ಎಂಟರ್ ಒತ್ತಿದೆ. ಬ್ರೌಸರ್‌ನಲ್ಲಿ ತೆರೆದರೆ 404, ಪುಟ ಇಲ್ಲ. ಆ ಸಾಲಿನ ಮುಂದಿನ ಚೌಕ ಆವರಣದೊಳಗೆ ನಕ್ಷತ್ರದ ಗುರುತು ಬೀಳಬೇಕು. ಅದು ಬೀಳುವುದು ಸ್ಪೇಸ್ ಕೀ ಒತ್ತಿದರೆ ಮಾತ್ರ. ಬಣ್ಣ ಇದ್ದರೆ ಕರ್ಸರ್ ಅಲ್ಲಿದೆ ಅಂತ ಅಷ್ಟೇ. ಆಮೇಲೆ ಡಿಪಿಕೆಜಿ-ರೀಕಾನ್ಫಿಗರ್ ಆದೇಶ ಕೊಟ್ಟು, ಅದೇ ಪ್ರಶ್ನೆ ಮತ್ತೆ ಬಂದಾಗ ನಕ್ಷತ್ರ ಹಾಕಿದ ಮೇಲೆ ಲಾಗಿನ್ ಪುಟ ಬಂತು.

ಅಂದರೆ ಮೊದಲ ಸಲವೇ ತಂತ್ರಾಂಶ ಹಾಕಿ ಆಗಿತ್ತು. ಆದರೆ ಅದು ಕೂತಿರಲಿಲ್ಲ. ಡಬ್ಬಿಗೆ ಮುಚ್ಚಳ ಹಾಕಿದ್ದೀವಿ, ಸರಿಯಾಗಿ ಕೂತಿಲ್ಲ ಅನ್ನುತ್ತೇವಲ್ಲ, ಹಾಗೆ. ಉಂಗುರಕ್ಕೆ ಹರಳು ಕೂರಿಸುತ್ತೇವೆ, ದಸರೆಗೆ ಗೊಂಬೆ ಕೂರಿಸುತ್ತೇವೆ, ಬೀದಿಯಲ್ಲಿ ಗಣಪತಿ ಕೂರಿಸುತ್ತೇವೆ. ಎಲ್ಲದರಲ್ಲೂ ಒಂದು ವಸ್ತು ತನ್ನ ಜಾಗಕ್ಕೆ ಸೇರಿ, ಅಲ್ಲಿ ನೆಲೆ ನಿಂತಿತು ಅನ್ನುವ ಅರ್ಥ ಇದೆ. ಇಂಗ್ಲಿಷಿನ ‘ಇನ್‌ಸ್ಟಾಲ್’ ಕೂಡ ಹಿಂದೆ ಪಾದ್ರಿಯನ್ನು ಚರ್ಚಿನಲ್ಲಿ ಅವರ ಪೀಠದ ಮೇಲೆ ಕೂರಿಸುವುದಕ್ಕೆ ಹುಟ್ಟಿದ ಪದ. ಅದರೊಳಗಿನ ‘ಸ್ಟಾಲ್’ ಅಂದರೆ ಆ ಪೀಠವೇ.

ಹಾಗಾಗಿ ನನ್ನ ಟಿಪ್ಪಣಿಯಲ್ಲಿ ಹೀಗೆ ಬರೆದಿದ್ದೇನೆ: ಕಡತ ತರುವುದಕ್ಕೆ ‘ಇಳಿಸು’, ವೆಬ್ ಸರ್ವರಿಗೆ ಕೊಂಡಿ ಕೊಡುವುದಕ್ಕೆ ‘ಜೋಡಿಸು’, ಎರಡೂ ಸೇರಿದ ಇಡೀ ಕೆಲಸಕ್ಕೆ ‘ಕೂರಿಸು’. ‘ಕಾನ್ಫಿಗರ್’ಗೆ ಬರೆಯುವ ‘ಸಂರಚನೆ’ ಬಿಟ್ಟೆ. ಆ ಪೆಟ್ಟಿಗೆಯ ಪ್ರಶ್ನೆಯನ್ನು ‘ಯಾವ ವೆಬ್ ಸರ್ವರಿಗೆ ಜೋಡಿಸಲಿ?’ ಅಂತ ಕನ್ನಡಿಸಿದರೆ ಹುಡುಗರಿಗೆ ತಟ್ಟನೆ ತಿಳಿಯುತ್ತದೆ. ಸರ್ವರ್ ಅನ್ನು ಸರ್ವರ್ ಅಂತಲೇ ಇಟ್ಟಿದ್ದೇನೆ, ‘ಪರಿಚಾರಕ’ ಬೇಡ ಅನ್ನಿಸಿತು. ಪಿಎಚ್‌ಪಿಮೈಅಡ್ಮಿನ್ ಪುಟಕ್ಕೆ ‘ನಿಯಂತ್ರಣ ಫಲಕ’ (ಕಂಟ್ರೋಲ್ ಪ್ಯಾನೆಲ್) ಅನ್ನುವುದೂ ಸರಿ ಹೋಗಲ್ಲ. ಡೇಟಾಬೇಸ್ ಸರ್ವರ್ ನಿಂತು ಹೋದರೆ ಅದನ್ನು ಶುರು ಮಾಡಲು ಪಿಎಚ್‌ಪಿಮೈಅಡ್ಮಿನ್‌ನಿಂದ ಆಗುವುದಿಲ್ಲ. ಅದಕ್ಕೆ ಸುಮ್ನೆ ‘ನಿರ್ವಹಣೆ ಪುಟ’ ಅಂದಿದ್ದೇನೆ.

ಈಗ ಬಲ್ಲವರಲ್ಲಿ ಎರಡು ಪ್ರಶ್ನೆ. ಉತ್ತರ ಕರ್ನಾಟಕದ ಕಡೆ ‘ಕೂಡಿಸು’, ‘ಕೂಡ್ರಿಸು’ ಅನ್ನುತ್ತಾರೆ. ‘ಕೂಡಿಸು’ ಅಂದರೆ ಲೆಕ್ಕ ಕೂಡಿಸುವುದೂ ಹೌದು. ಅಲ್ಲಿನ ಓದುಗರಿಗೆ ‘ಕೂರಿಸು’ ಸಲೀಸಾಗಿ ಅರ್ಥವಾಗುತ್ತದೆಯೇ?

ಇನ್ನೊಂದು, ತೆಗೆಯುವಾಗಿನದು. ‘ರಿಮೂವ್’ ಅಂದರೆ ತಂತ್ರಾಂಶ ಹೋಗುತ್ತದೆ, ಅದರ ಸೆಟ್ಟಿಂಗ್ ಕಡತಗಳು ಉಳಿಯುತ್ತವೆ. ‘ಪರ್ಜ್’ ಅಂದರೆ ಅವೂ ಹೋಗುತ್ತವೆ. ಮೊದಲನೆಯದಕ್ಕೆ ‘ತೆಗೆ’ ಸಾಕು. ಎರಡನೆಯದಕ್ಕೆ ‘ಬೇರುಸಮೇತ ತೆಗೆ’ ಅಂತ ಬರೆದಿದ್ದೇನೆ. ಬಟನ್ ಮೇಲೆ ಬರೆಯಲು ಅದು ಜಾಸ್ತಿ ಉದ್ದವಾಯಿತು. ಒಂದೇ ಪದದಲ್ಲಿ ಹೇಳಲು ನಿಮ್ಮ ಕಡೆ ಮಾತಿದ್ದರೆ ದಯವಿಟ್ಟು ತಿಳಿಸಿ.